ಕಿತ್ತಳೆ ಕೇಕ್‌ಗೆ ಕಿತ್ತಳೆ ಬಣ್ಣ ಯಾಕೆ?

ಮೈಸೂರು ರಸ್ತೆಗೆ ಹೊರವರ್ತುಲ ರಸ್ತೆ ಬಂದು ಸೇರುವ ನಾಯಂಡಹಳ್ಳಿಯಲ್ಲಿ ಯಾರ ಮನೆಯ ಅಡುಗೆಯ ಪರಿಮಳವೂ ಬೀದಿಗೆ ಬಂದು ಗೆಲ್ಲುವುದು ಕಷ್ಟ. ಒಂದು ಕಡೆ ವೃಷಭಾವತಿ, ಇನ್ನೊಂದು ಕಡೆ ಪ್ಲಾಸ್ಟಿಕ್ ಗುಜರಿಯ ಗೋದಾಮುಗಳು, ನಡುವೆ ಸಿಗ್ನಲ್‌ನಲ್ಲಿ ನಿಂತ ಬಸ್ಸು-ಲಾರಿಗಳ ಹೊಗೆ. ಆದರೂ ಚಳಿಗಾಲ ಶುರುವಾಯಿತೆಂದರೆ ತಳ್ಳುಗಾಡಿಗಳ ಮೇಲೆ ನಾಗಪುರದ ಕಿತ್ತಳೆ ರಾಶಿ ಬೀಳುತ್ತದೆ. ಸ್ವಲ್ಪ ದಿನ ಕಳೆದರೆ ಅದರ ಪಕ್ಕಕ್ಕೆ ಪಂಜಾಬಿನ ಕಿನ್ನೋ ಬಂದು ಕೂರುತ್ತದೆ. ಅದೇ ಗಾಡಿಯ ಹಿಂದಿನ ಅಡ್ಡರಸ್ತೆಯಲ್ಲಿ, ಯಾವುದೋ ಎರಡನೇ ಮಹಡಿಯ ಮನೆಯಲ್ಲಿ, ಹುಟ್ಟುಹಬ್ಬಕ್ಕೆಂದು ಆರ್ಡರ್ ಬಂದ ಆರೆಂಜ್ ಕೇಕ್ ಬೇಯುತ್ತಿರುತ್ತದೆ. ಎಷ್ಟೋ ಸಲ ಆ ಕೇಕಿಗೆ ಬೀಳುವುದು ಬಾಟಲಿಯ ಎಸೆನ್ಸ್ ಮತ್ತು ಬಾಟಲಿಯ ಬಣ್ಣ. ಹಣ್ಣು ಗಾಡಿಯ ಮೇಲೇ ಉಳಿಯುತ್ತದೆ.

ಇದರಲ್ಲಿ ಕೇಕ್ ಮಾಡುವವರದಷ್ಟೇ ತಪ್ಪಿಲ್ಲ. ಹಣ್ಣು ಹಾಕಿ ಮಾಡಿಕೊಟ್ಟರೆ ಮರುದಿನ ಬರುವ ಫೋನು ಹೇಗಿರುತ್ತದೆ ಎಂಬುದು ಮನೆಯಲ್ಲಿ ಕೇಕ್ ಮಾಡಿ ಮಾರುವ ಯಾರಿಗಾದರೂ ಗೊತ್ತು: ‘ಆಂಟಿ, ಟೇಸ್ಟ್ ಸೂಪರ್, ಆದ್ರೆ ನೋಡಕ್ಕೆ ಆರೆಂಜ್ ಕೇಕ್ ಥರ ಇರ್ಲೇ ಇಲ್ಲ’. ನಿಜವಾದ ಕಿತ್ತಳೆ ಕೇಕ್ ಕತ್ತರಿಸಿದರೆ ಒಳಗೆ ತೆಳು ಹಳದಿ. ಅಲ್ಲಲ್ಲಿ ಸಿಪ್ಪೆಯ ತುರಿಯ ಸಣ್ಣ ಚುಕ್ಕೆ. ಅಷ್ಟೇ. ಹಣ್ಣಿನ ರಸದಲ್ಲಿರುವ ಬಣ್ಣ ಮೈದಾ, ಎಣ್ಣೆ, ಸಕ್ಕರೆಯ ಜೊತೆ ಬೆರೆತ ಮೇಲೆ ಅದಕ್ಕಿಂತ ಗಾಢವಾಗಿ ಕಾಣುವುದಿಲ್ಲ. ಟ್ರಾಫಿಕ್ ಕೋನ್‌ನ ಬಣ್ಣದ ಕೇಕ್ ಬೇಕೆಂದರೆ ಅದು ಹಣ್ಣಿನಿಂದ ಬರುವ ಮಾತೇ ಅಲ್ಲ.

ಬಣ್ಣದ ಮಾತು ಬಂದಾಗ 2024ನ್ನು ಮರೆಯುವಂತಿಲ್ಲ. ಆ ವರ್ಷದ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಹಾಕುವ ಕೃತಕ ಬಣ್ಣಗಳನ್ನೂ ಬಾಂಬೆ ಮಿಠಾಯಿಯ ರೋಡಮೈನ್-ಬಿಯನ್ನೂ ನಿಷೇಧಿಸಿತು. ಅಕ್ಟೋಬರ್ ಹೊತ್ತಿಗೆ ಕೇಕ್‌ನ ಸರದಿ ಬಂತು. ಆಹಾರ ಸುರಕ್ಷತಾ ಇಲಾಖೆ ಪರೀಕ್ಷೆ ಮಾಡಿಸಿದ 235 ಕೇಕ್ ಮಾದರಿಗಳಲ್ಲಿ 12ರಲ್ಲಿ ಕೃತಕ ಬಣ್ಣ ಅಸುರಕ್ಷಿತ ಮಟ್ಟದಲ್ಲಿ ಸಿಕ್ಕಿತು. ಅಲ್ಯೂರಾ ರೆಡ್, ಪೊನ್ಸೊ 4ಆರ್, ಕಾರ್ಮೊಸಿನ್, ಟಾರ್ಟ್ರಜಿನ್ ಜೊತೆಗೆ ಸನ್‌ಸೆಟ್ ಯೆಲ್ಲೊ ಕೂಡ ಆ ಪಟ್ಟಿಯಲ್ಲಿತ್ತು. ಪತ್ರಿಕೆಗಳಲ್ಲಿ ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಹೆಸರೇ ದೊಡ್ಡದಾಗಿ ಬಂದದ್ದರಿಂದ ಆರೆಂಜ್ ಕೇಕ್ ಹೇಗೋ ಪಾರಾಯಿತು. ಸನ್‌ಸೆಟ್ ಯೆಲ್ಲೊ ಎಂಬುದು ಕಿತ್ತಳೆ ಬಣ್ಣಕ್ಕೆಂದೇ ಬಳಸುವ ವಸ್ತು ಎಂಬುದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. 235ರಲ್ಲಿ 223 ಮಾದರಿಗಳು ಪಾಸಾದವು ಎಂಬುದನ್ನೂ ಹೇಳಬೇಕು. ಊರಿನ ಬೇಕರಿಗಳೆಲ್ಲ ವಿಷ ಮಾರುತ್ತಿವೆ ಎಂದು ಆಗ ಹರಿದಾಡಿದ ಮೆಸೇಜುಗಳು ಶುದ್ಧ ಉತ್ಪ್ರೇಕ್ಷೆ.

ಸನ್‌ಸೆಟ್ ಯೆಲ್ಲೊ ನಮ್ಮಲ್ಲಿ ಅನುಮತಿ ಇರುವ ಬಣ್ಣವೇ. ತೊಂದರೆ ಇರುವುದು ಪ್ರಮಾಣದಲ್ಲಿ. ಸಂಶ್ಲೇಷಿತ ಬಣ್ಣಕ್ಕೆ ಸಾಮಾನ್ಯವಾಗಿ ಇರುವ ಮಿತಿ ಒಂದು ಕಿಲೋ ತಿನಿಸಿಗೆ 100 ಮಿಲಿಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತನೇ ಒಂದು ಭಾಗ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದು ಗ್ರಾಮಿಗಿಂತ ಕೆಳಗಿನದನ್ನು ತೋರಿಸುವುದೇ ಅಪರೂಪ. ಪುಡಿ ಬಣ್ಣವನ್ನು ಚಮಚದ ತುದಿಯಲ್ಲಿ ಚಿಟಿಕೆ ಲೆಕ್ಕದಲ್ಲಿ ಹಾಕುವವರು ಮಿತಿಯ ಒಳಗಿದ್ದಾರೋ ಹೊರಗಿದ್ದಾರೋ ಹೇಳುವವರಿಲ್ಲ. ಯುರೋಪಿನಲ್ಲಿ 2010ರ ಜುಲೈನಿಂದ ಈ ಬಣ್ಣವೂ ಸೇರಿ ಆರು ಬಣ್ಣಗಳನ್ನು ಬಳಸಿದ ತಿನಿಸಿನ ಪೊಟ್ಟಣದ ಮೇಲೆ, ಇದು ಮಕ್ಕಳ ಚಟುವಟಿಕೆ ಮತ್ತು ಏಕಾಗ್ರತೆಯ ಮೇಲೆ ಕೆಟ್ಟ ಪರಿಣಾಮ ಬೀರಬಹುದು ಎಂದು ಅಚ್ಚು ಹಾಕುವುದು ಕಡ್ಡಾಯ. ಆರು ವರ್ಷದ ಮಗುವಿನ ಹುಟ್ಟುಹಬ್ಬಕ್ಕೆ ಇಷ್ಟೆಲ್ಲ ತಲೆನೋವು ಬೇಕೇ?

ಹಾಗಾದರೆ ಕಿತ್ತಳೆ ಇದೆ ಎಂದು ಗೊತ್ತಾಗುವುದು ಹೇಗೆ? ಮೂಗಿನಿಂದ. ಆ ಘಮ ಇರುವುದು ರಸದಲ್ಲಿ ಅಲ್ಲ, ಬಿಸಾಡುವ ಸಿಪ್ಪೆಯಲ್ಲಿ. ಇದನ್ನು ಯಾರೂ ಕಲಿಸಬೇಕಾಗಿಲ್ಲ. ಚಿಕ್ಕಂದಿನಲ್ಲಿ ಕಿತ್ತಳೆ ಸಿಪ್ಪೆಯನ್ನು ಮಡಚಿ ಹಿಂಡಿ ತಮ್ಮನ ಕಣ್ಣಿಗೆ ಚಿಮ್ಮಿಸಿ ಅಮ್ಮನಿಂದ ಏಟು ತಿಂದವರೆಲ್ಲರಿಗೂ ಅದರಲ್ಲಿ ಎಣ್ಣೆ ಇದೆಯೆಂದು ಗೊತ್ತು. ಕ್ಯಾಂಡಲ್ ಮುಂದೆ ಹಿಂಡಿದರೆ ಅದೇ ಎಣ್ಣೆ ಚಟಪಟ ಎಂದು ಹತ್ತಿಕೊಳ್ಳುತ್ತದೆ. ಆ ಎಣ್ಣೆಯ ಶೇ 90ಕ್ಕಿಂತ ಹೆಚ್ಚು ಭಾಗ ಲಿಮೊನೀನ್ ಎಂಬ ಒಂದೇ ವಸ್ತು. ಹಣ್ಣಿನ ರಸವೋ ಹೆಚ್ಚುಕಡಿಮೆ ನೀರು. ಅದರಲ್ಲಿ ಹುಳಿ, ಸಿಹಿ ಇದೆ, ಪರಿಮಳ ಕಡಿಮೆ. ಇರುವ ಅಷ್ಟಿಷ್ಟೂ ಒವನ್‌ನ ಬಿಸಿಗೆ ಹಾರಿಹೋಗುತ್ತದೆ. ಬರೀ ರಸ ಹಾಕಿ ಕೇಕ್ ಮಾಡಿ, ‘ಆರೆಂಜ್ ಫ್ಲೇವರ್ರೇ ಬರ್ಲಿಲ್ಲ’ ಎಂದು ಮುಂದಿನ ಸಲಕ್ಕೆ ಎಸೆನ್ಸ್ ಬಾಟಲಿ ತರುವವರು ಎಡವುವುದು ಇಲ್ಲೇ.

ಸಿಪ್ಪೆ ತಿನ್ನುವುದು ನಮಗೆ ಹೊಸದೂ ಅಲ್ಲ. ಕಿತ್ತಳೆ ಸಿಪ್ಪೆ ಗೊಜ್ಜು ಹಳೆ ಮೈಸೂರಿನ ಮನೆಗಳಲ್ಲಿ ಇವತ್ತಿಗೂ ಆಗುತ್ತದೆ. ಸಣ್ಣಗೆ ಹೆಚ್ಚಿದ ಸಿಪ್ಪೆಯನ್ನು ಎಣ್ಣೆಯಲ್ಲಿ ಬಾಡಿಸಿ, ಹುಣಸೆಹಣ್ಣು, ಬೆಲ್ಲ, ಸಾರಿನ ಪುಡಿ ಹಾಕಿ ಕುದಿಸಿದರೆ ಆಯಿತು. ಗೊಜ್ಜಿನಲ್ಲಿ ಸಿಪ್ಪೆಯ ಕಹಿಯನ್ನು ಹುಳಿ-ಬೆಲ್ಲ ಸೇರಿ ಹದಕ್ಕೆ ತರುತ್ತವೆ. ಕೇಕ್‌ನಲ್ಲಿ ಆ ಸೌಲಭ್ಯ ಇಲ್ಲ. ಆದ್ದರಿಂದ ಸಿಪ್ಪೆಯ ಹೊರಮೈ ಮಾತ್ರ ಬೇಕು, ಅದರ ಕೆಳಗಿನ ಬಿಳಿ ಪದರ ಬೇಡ.

ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು. ಹಣ್ಣನ್ನು ಸುಲಿಯುವ ಮೊದಲೇ ತುರಿಯಬೇಕು. ಸುಲಿದ ಸಿಪ್ಪೆ ತುರಿಮಣೆಯ ಮೇಲೆ ನಿಲ್ಲುವುದಿಲ್ಲ. ಮೊದಲು ಉಗುರು ಬೆಚ್ಚಗಿನ ನೀರಿನಲ್ಲಿ ಹಾಕಿ ಕೈಯಿಂದ ಚೆನ್ನಾಗಿ ಉಜ್ಜಿ ತೊಳೆದು ಒರೆಸಬೇಕು, ಏಕೆಂದರೆ ಹೊಳಪಿಗಾಗಿ ಮೇಣ ಬಳಿದ ಹಣ್ಣು ಬೆಂಗಳೂರಿನಲ್ಲಿ ಬೇಕಾದಷ್ಟು ಸಿಗುತ್ತದೆ, ಅದರಲ್ಲೂ ಸ್ಟಿಕರ್ ಅಂಟಿಸಿದ ಪರದೇಶದ ಹಣ್ಣು. ತುರಿಮಣೆಯ ಅತಿ ಸಣ್ಣ ಕಣ್ಣಿನ ಮೇಲೆ ಹಣ್ಣನ್ನು ಹಗುರವಾಗಿ ಒಂದೇ ಸಲ ಎಳೆದು, ಬಿಳಿ ಕಂಡ ಕೂಡಲೇ ಹಣ್ಣು ತಿರುಗಿಸಬೇಕು. ನಾಗಪುರದ ಹಣ್ಣಿನ ಸಿಪ್ಪೆ ಸಡಿಲ. ಒತ್ತಿದರೆ ಒಳಕ್ಕೆ ಕುಸಿಯುತ್ತದೆ. ಕಿನ್ನೋ ಸಿಪ್ಪೆ ಬಿಗಿಯಾಗಿರುವುದರಿಂದ ತುರಿಯಲು ಸುಲಭ. ಹೀಗೆ ಬಂದ ತುರಿಯನ್ನು ಹಿಟ್ಟಿಗೆ ನೇರ ಹಾಕದೆ, ಅಳೆದಿಟ್ಟ ಸಕ್ಕರೆಗೆ ಹಾಕಿ ಬೆರಳ ತುದಿಯಿಂದ ಒಂದೆರಡು ನಿಮಿಷ ತಿಕ್ಕಬೇಕು. ಸಕ್ಕರೆಯ ಹರಳು ತುರಿಯಲ್ಲಿ ಉಳಿದ ಎಣ್ಣೆಯ ಚೀಲಗಳನ್ನು ಒಡೆಯುತ್ತದೆ. ಎಣ್ಣೆ ಸಕ್ಕರೆಗೆ ಹಿಡಿದುಕೊಂಡು, ಸಕ್ಕರೆ ಒದ್ದೆ ಮರಳಿನ ಹಾಗೆ ಬೆರಳಿಗೆ ಅಂಟತೊಡಗುತ್ತದೆ. ಆ ಹೊತ್ತಿಗೆ ಅಡುಗೆಮನೆಯ ಘಮ ಹಾಲ್‌ಗೆ ತಲುಪಿರುತ್ತದೆ. ಎಸೆನ್ಸ್ ಬಾಟಲಿಯ ಮುಚ್ಚಳ ತೆಗೆದರೂ ಘಮ ಬರುತ್ತದೆ, ನಿಜ. ಆ ಬಾಟಲಿಯಲ್ಲೂ ಒಳ್ಳೆಯದು ಕೆಟ್ಟದ್ದು ಎರಡೂ ಉಂಟು. ಆದರೆ ಎರಡು ಹಣ್ಣಿನ ಸಿಪ್ಪೆಯಿಂದ ಪುಕ್ಕಟೆ ಸಿಗುವುದಕ್ಕೆ ಕಾಸು ಕೊಡುವುದು ಯಾವ ಲೆಕ್ಕ?

ಕಿನ್ನೋ ಬಗ್ಗೆ ಇನ್ನೊಂದು ಮಾತು. ಅದರ ರಸ ಹಿಂಡಿ ಇಟ್ಟರೆ ಹೊತ್ತು ಕಳೆದಂತೆ ಕಹಿಯಾಗುತ್ತದೆ. ರಸದಲ್ಲಿ ನಿಧಾನವಾಗಿ ಲಿಮೊನಿನ್ ಹುಟ್ಟಿಕೊಳ್ಳುವುದೇ ಇದಕ್ಕೆ ಕಾರಣ. ಹೆಸರು ಹತ್ತಿರವಿದ್ದರೂ ಇದು ಘಮದ ಲಿಮೊನೀನ್ ಅಲ್ಲ. ಬೆಳಿಗ್ಗೆ ಹಿಂಡಿಟ್ಟು ಸಂಜೆ ಕೇಕ್ ಮಾಡುವವರು ಬೀಜ ಜಜ್ಜಿ ಹೋಯಿತೆಂದುಕೊಳ್ಳುತ್ತಾರೆ. ಕಿನ್ನೋ ಆದರೆ ಹಿಂಡಿದ ಕೂಡಲೇ ಹಿಟ್ಟಿಗೆ.

ಇನ್ನು ಮೆತ್ತಗಿನ, ಬಾಯಲ್ಲಿ ಒಣಗದ ಕೇಕ್‌ನ ವಿಚಾರ. ‘ಮಾಯಿಸ್ಟ್’ ಕೇಕ್ ಎಂದರೆ ಏನೋ ಹೊಸ ಫ್ಯಾಷನ್ ಎನ್ನುವಂತೆ ಮಾತಾಡುವುದುಂಟು. ಬೆಂಗಳೂರಿನವರಿಗೆ ಅದರ ಪಾಠ ಅಯ್ಯಂಗಾರ್ ಬೇಕರಿಯಲ್ಲೇ ಆಗಿದೆ. ಹಾಸನದ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆ ಭಾಗದಲ್ಲಿ ಬಿ.ಬಿ. ಬೇಕರಿ ತೆರೆದ ಮೇಲೆ ಹಬ್ಬಿದ ಪರಂಪರೆ ಅದು. ಮೊಟ್ಟೆ ಹಾಕದ ಆ ಬೇಕರಿಗಳ ಗಾಜಿನ ಪೆಟ್ಟಿಗೆಯಲ್ಲಿ ಕೂರುವ ಹನಿ ಕೇಕ್ ಅನ್ನು ಒಮ್ಮೆ ನೆನಪಿಸಿಕೊಳ್ಳಿ. ಕೆಳಗೆ ಸಾದಾ ಸ್ಪಂಜು, ಅದಕ್ಕೆ ಜೇನು-ಸಕ್ಕರೆಯ ಪಾಕ ಸುರಿದು ಕುಡಿಸಿದ್ದು, ಮೇಲೆ ಕೆಂಪು ಜಾಮ್, ಅದರ ಮೇಲೆ ಒಣಕೊಬ್ಬರಿ ತುರಿ. ಮೊಟ್ಟೆ ಇಲ್ಲದ ಸ್ಪಂಜು ಬೇಗ ಒಣಗುತ್ತದೆ. ಪಾಕ ಆ ಕೊರತೆಯನ್ನು ಮುಚ್ಚುತ್ತದೆ. ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಮರುದಿನವೂ ಕೇಕ್ ಒಣಗುವುದಿಲ್ಲ. ಕಿತ್ತಳೆ ಕೇಕ್‌ಗೂ ಇದೇ ಉಪಾಯ ಸಾಕು: ಅರ್ಧ ಕಪ್ ರಸ, ಕಾಲು ಕಪ್ ಸಕ್ಕರೆ ಎರಡು-ಮೂರು ನಿಮಿಷ ಕುದಿಸಿ, ಕೇಕ್ ಇನ್ನೂ ಬಿಸಿ ಇರುವಾಗಲೇ ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ ಚಮಚದಲ್ಲಿ ಹನಿಸುವುದು. ಮೇಲೆ ಕ್ರೀಮ್ ಬೇಕಾಗಿಲ್ಲ.

ಬೆಣ್ಣೆ ಹಾಕಿದರೆ ಮೆತ್ತಗಾಗುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಬೆಣ್ಣೆಗೆ ರುಚಿ ಇದೆ. ಆದರೆ ಡಿಸೆಂಬರ್‌ನ ಬೆಂಗಳೂರಿನ ಚಳಿಗೆ, ಇಲ್ಲವೇ ಫ್ರಿಜ್ಜಿನೊಳಗೆ, ಅದು ಗಟ್ಟಿಯಾಗಿ ಕೇಕನ್ನೂ ಗಟ್ಟಿ ಮಾಡುತ್ತದೆ. ಸೂರ್ಯಕಾಂತಿ ಎಣ್ಣೆ ಆ ಚಳಿಯಲ್ಲೂ ದ್ರವವಾಗಿಯೇ ಇರುತ್ತದೆ, ನಾಲಿಗೆಗೆ ಕೇಕ್ ಹಸಿಯಾಗಿ ತಾಕುತ್ತದೆ. ಮನೆಯ ಅಳತೆಗೆ ಒಂದು ಲೆಕ್ಕ: ಮೈದಾ ಒಂದೂವರೆ ಕಪ್, ತುರಿ ತಿಕ್ಕಿದ ಸಕ್ಕರೆ ಮುಕ್ಕಾಲು ಕಪ್, ಎಣ್ಣೆ ಕಪ್‌ನ ಮೂರನೇ ಒಂದು ಭಾಗ, ಆಗಷ್ಟೇ ಹಿಂಡಿದ ರಸ ಒಂದು ಕಪ್, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಚಿಟಿಕೆ ಉಪ್ಪು. ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ. ರಸದ ಹುಳಿ ಸೋಡಾ ಜೊತೆ ಸೇರಿ ಗುಳ್ಳೆ ಎಬ್ಬಿಸುವುದರಿಂದ ಕೇಕ್ ಉಬ್ಬುತ್ತದೆ. ಕಲಸಿದ ಹಿಟ್ಟನ್ನು ಆ ಗುಳ್ಳೆ ಆರುವ ಮೊದಲು ಒವನ್‌ಗೆ ಸೇರಿಸಬೇಕು. 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ಹೆಚ್ಚು ಹೊತ್ತು ಬಿಟ್ಟರೆ ಎಷ್ಟು ಪಾಕ ಸುರಿದರೂ ಅಂಚು ಒಣಕಲು.

ಯೂಟ್ಯೂಬಿನಲ್ಲಿ ಪರದೇಶದವರ ವಿಧಾನ ನೋಡಿ ಮಾಡುವವರಿಗೆ ಊರಿನ ಎತ್ತರ ನೆನಪಿರುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ನೀರು ಕುದಿಯುವುದು 97 ಡಿಗ್ರಿ ಆಸುಪಾಸಿನಲ್ಲಿ. ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಸೋಡಾದ ಗುಳ್ಳೆ ಬೇಗ ಹಿಗ್ಗುತ್ತದೆ, ಹಿಟ್ಟು ಬಲಿಯುವ ಮೊದಲೇ ಕೇಕ್ ಏರಿ ಆಮೇಲೆ ನಡುವೆ ಕುಸಿಯುತ್ತದೆ. ಎತ್ತರದ ಊರುಗಳಿಗೆ ಬೇಕಿಂಗ್ ಪುಸ್ತಕಗಳು ಹೇಳುವ ಬದಲಾವಣೆಗಳು ಶುರುವಾಗುವುದೇ ಸುಮಾರು ಈ ಎತ್ತರದಿಂದ. ಕೇಕ್ ನಡುವೆ ಗುಳಿ ಬಿದ್ದರೆ ಮೊದಲು ಮಾಡಬೇಕಾದದ್ದು ಸೋಡಾ, ಬೇಕಿಂಗ್ ಪೌಡರ್ ಎರಡನ್ನೂ ಒಂದು ಚೂರು ಇಳಿಸುವುದು. ಬಹಳ ಜನ ಉಲ್ಟಾ ಮಾಡಿ ಇನ್ನಷ್ಟು ಹಾಕುತ್ತಾರೆ, ಕೇಕ್ ಸೋಪಿನ ರುಚಿಗೆ ತಿರುಗುತ್ತದೆ.

ಬಿಳಿ ಪದರ ಬೇಡ ಎಂದು ಮೇಲೆ ಹೇಳಿದ್ದಕ್ಕೆ ಒಂದು ಅಪವಾದ ಉಂಟು. ಈಜಿಪ್ಟಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಕ್ಲಾಡಿಯಾ ರೋಡನ್ 1968ರಲ್ಲಿ ಪ್ರಕಟಿಸಿದ ಪಶ್ಚಿಮ ಏಷ್ಯಾದ ಅಡುಗೆ ಪುಸ್ತಕದ ಕಿತ್ತಳೆ-ಬಾದಾಮಿ ಕೇಕ್‌ನಲ್ಲಿ ಎರಡು ಇಡೀ ಹಣ್ಣನ್ನು ಸಿಪ್ಪೆ ಸಮೇತ ಸುಮಾರು ಎರಡು ಗಂಟೆ ಬೇಯಿಸಿ, ಬೀಜ ತೆಗೆದು ರುಬ್ಬಿ ಹಾಕುತ್ತಾರೆ. ಅಷ್ಟು ಹೊತ್ತು ಬೆಂದ ಮೇಲೆ ಕಹಿ ತಗ್ಗುತ್ತದೆ. ಮೈದಾ ಇಲ್ಲ, ಎಣ್ಣೆ ಇಲ್ಲ, ಬಾದಾಮಿ ಪುಡಿ ಮತ್ತು ಆರು ಮೊಟ್ಟೆ. ಕೇಕ್ ಎಷ್ಟು ಹಸಿಯಾಗಿರುತ್ತದೆಂದರೆ ಬೆಂದಿಲ್ಲವೇನೋ ಎಂಬ ಅನುಮಾನ ಬರುತ್ತದೆ. ಕಾಲು ಕಿಲೋ ಬಾದಾಮಿ ನಮ್ಮ ತಿಂಗಳ ಸಾಮಾನಿನ ಚೀಟಿಗೆ ಭಾರವಾದರೆ ಚಿರೋಟಿ ರವೆ ಇದೆ. ರವೆ ರಸವನ್ನು ಹೀರಿ ಉಬ್ಬುತ್ತದೆ, ಪಾಕ ಕುಡಿಸುವ ಕೇಕ್‌ಗಂತೂ ಮೈದಾಕ್ಕಿಂತ ಚೆನ್ನಾಗಿ ಒಗ್ಗುತ್ತದೆ. ಅರ್ಧ ಮೈದಾ, ಅರ್ಧ ರವೆ ಹಾಕಿ, ಹಿಟ್ಟನ್ನು ಕಾಲು ಗಂಟೆ ನೆನೆಯಲು ಬಿಟ್ಟು, ಸೋಡಾವನ್ನು ಕೊನೆಗೆ ಸೇರಿಸಿದರೆ ಆಯಿತು.

ಬಾಡಿಗೆ ಮನೆಗಳ ನಾಯಂಡಹಳ್ಳಿಯಲ್ಲಿ ಓಟಿಜಿ ಇಡಲು ಜಾಗದಷ್ಟೇ 16 ಆಂಪ್ ಪ್ಲಗ್ ಕೂಡ ಸಮಸ್ಯೆ. ಕರೆಂಟ್ ಬಿಲ್ಲಿನ ಹೆದರಿಕೆ ಮಾತ್ರ ಅನಗತ್ಯ. 1,500 ವಾಟ್‌ನ ಒವನ್ ಬಿಸಿ ಮಾಡುವುದೂ ಸೇರಿ 50 ನಿಮಿಷ ಉರಿದರೂ ಹೆಚ್ಚೆಂದರೆ ಒಂದೂಕಾಲು ಯೂನಿಟ್. ವಾರಕ್ಕೊಂದು ಕೇಕ್ ಮಾಡಿದರೆ ಗೃಹಜ್ಯೋತಿಯ ಲೆಕ್ಕ ತಪ್ಪುವುದಿಲ್ಲ. ದಿನಕ್ಕೆ ನಾಲ್ಕು ಆರ್ಡರ್ ತೆಗೆದುಕೊಳ್ಳುವವರು ಯೋಚಿಸಬೇಕು. ಒವನ್ ಇಲ್ಲದವರು ಕುಕ್ಕರಿನ ತಳಕ್ಕೆ ಉಪ್ಪು ಹಾಕಿ, ಗ್ಯಾಸ್ಕೆಟ್ಟು-ವಿಷಲ್ಲು ತೆಗೆದು ಮಾಡುವ ವಿಧಾನ ಹಳೆಯದು. ನೀರಿಲ್ಲದೆ ಕುಕ್ಕರ್ ಕಾಯಿಸುವುದು ಪಾತ್ರೆಗೆ ಒಳ್ಳೆಯದಲ್ಲವಾದ್ದರಿಂದ ಅದಕ್ಕೆ ದಪ್ಪ ತಳದ ಹಳೇ ಬಾಣಲೆಯೇ ಮೇಲು.

ಕರ್ನಾಟಕದವರು ಕಿತ್ತಳೆ ಎಂದಾಗ ಕೊಡಗಿನ ಹೆಸರು ಬಾರದಿದ್ದರೆ ತಪ್ಪಾಗುತ್ತದೆ. ಕಾಫಿ ತೋಟದೊಳಗೆ ಬೆಳೆಯುತ್ತಿದ್ದ, ಹಣ್ಣಾದರೂ ಹಸಿರು-ಹಳದಿಯಾಗಿಯೇ ಇರುವ, ಹುಳಿ ಸಿಹಿ ಎರಡೂ ಇರುವ ಕೊಡಗಿನ ಕಿತ್ತಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿ ವರ್ಷಗಳೇ ಆದವು. ಆದರೆ ಗ್ರೀನಿಂಗ್‌ನಂಥ ರೋಗಗಳಿಗೆ ತೋಟಗಳು ಸೊರಗಿ ಬೆಳೆ ಕುಗ್ಗಿದೆ. ಚೆಟ್ಟಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರ ಈ ಹಣ್ಣಿನ ಮೇಲೆ ದಶಕಗಳಿಂದ ಕೆಲಸ ಮಾಡುತ್ತಿದೆ. ಆದರೂ ಬೆಂಗಳೂರಿನ ಗಾಡಿಗೆ ಬರುವುದು ನಾಗಪುರದ್ದೇ. ಮೈಯ ಬಣ್ಣ ನೋಡಿ ‘ಇನ್ನೂ ಕಾಯಿ’ ಎಂದು ಕೊಡಗಿನ ಹಣ್ಣನ್ನು ಪಕ್ಕಕ್ಕಿಡುವ ಕಣ್ಣೂ, ತೆಳು ಹಳದಿ ಕೇಕನ್ನು ವಾಪಸ್ ಕಳಿಸುವ ಕಣ್ಣೂ ಒಂದೇ. ಕೇಕ್‌ಗೆ ಬೇಕಾದ ಹುಳಿ ಆ ಹಸಿರು ಹಣ್ಣಿನಲ್ಲಿ ಧಾರಾಳವಾಗಿದೆ. ಎಲ್ಲಾದರೂ ಕಂಡರೆ ಬಿಡಬಾರದು.

ಮನೆಯಲ್ಲಿ ಮಾಡಿ ಮಾರುವವರಿಗೂ ಕಾನೂನು ಇದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ವರ್ಷದ ವಹಿವಾಟು ಚಿಕ್ಕದಾಗಿದ್ದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಸಾಕು. ಕಲಿಯಬೇಕೆಂದರೆ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಕೇಂದ್ರ ಇದೆ. ಪಶ್ಚಿಮ ಬೆಂಗಳೂರಿನಿಂದ ದೂರವಾದರೂ, ವಾಟ್ಸ್‌ಆ್ಯಪ್‌ನಲ್ಲಿ ಬರುವ ಒಂದು ದಿನದ ಕ್ಲಾಸುಗಳಿಗಿಂತ ಗಟ್ಟಿ. ಕೇಕ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ರಿಂದ 5ಕ್ಕೆ ಇಳಿದಿರುವುದರಿಂದ ಅಂಗಡಿಯ ಕೇಕ್ ಇನ್ನಷ್ಟು ಅಗ್ಗವಾಗಬೇಕು. ಬೆಲೆಯಲ್ಲಿ ಅದರ ಜೊತೆ ಪೈಪೋಟಿ ಮಾಡಲು ಹೊರಟರೆ ಮನೆಯವರು ಸೋಲುವುದು ಖಂಡಿತ. ಅವರ ಬಳಿ ಇರುವ ಬಂಡವಾಳ ತಾಜಾ ಹಣ್ಣು ಮತ್ತು ತುರಿಯುವಷ್ಟು ತಾಳ್ಮೆ. ಅದಕ್ಕೆ ತಕ್ಕ ದುಡ್ಡು ಕೇಳಲು ಸಂಕೋಚ ಬೇಡ. ಕೊಳ್ಳುವವರು ಪಕ್ಕದ ಬೇಕರಿಯ ಕಿಲೋ ರೇಟು ಹೇಳಿ ಚೌಕಾಸಿ ಮಾಡುವುದೂ ಬೇಡ.

ಹಣ್ಣನ್ನೇ ನಂಬಿದರೆ ಹಂಗಾಮನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಯಾವ ತೊಂದರೆಯೂ ಇಲ್ಲ. ಬೇಸಿಗೆ ಏರಿದ ಮೇಲೆ ಗಾಡಿಯಲ್ಲಿ ಸಿಗುವುದು ಬತ್ತಿದ ಹಣ್ಣು, ಇಲ್ಲವೇ ಹಡಗಿನಲ್ಲಿ ಬಂದ ದುಬಾರಿ ಹಣ್ಣು. ಎಸೆನ್ಸ್ ಬಾಟಲಿ ಮತ್ತೆ ಕೈಗೆ ಬರುವುದು ಆಗಲೇ. ಮೇ ತಿಂಗಳಲ್ಲಿ ಆರೆಂಜ್ ಕೇಕ್ ಕೇಳಿದವರಿಗೆ ‘ಈಗ ಹಣ್ಣು ಚೆನ್ನಾಗಿ ಬರ್ತಿಲ್ಲಮ್ಮ, ಬಾದಾಮಿ ಮಾವಿಂದು ಮಾಡ್ಕೊಡ್ತೀನಿ’ ಎಂದು ಹೇಳಬಹುದು. ಹತ್ತಿರದ ಹಾಪ್‌ಕಾಮ್ಸ್ ಮಳಿಗೆಯಲ್ಲಿ ಆ ಹೊತ್ತಿಗೆ ರಾಮನಗರ, ಕೋಲಾರದ ಮಾವು ಬಂದಿರುತ್ತದೆ.